ಇಕ್ಕಳದ ರಂಗರಾಜು

ಜೂನ್ 10, ಮಂಗಳವಾರ
ಶೆಟ್ಟಿಹಳ್ಳಿ, ತುಮಕೂರು

ಪಶು ಇಲಾಖೆಯಲ್ಲಿದ್ದಾಗ ತಿಂಗಳು ತಿಂಗಳೂ ಪ್ರವಾಸದ ದಿನಚರಿ ಬರೆದು ಸಾಹೇಬರ ಮೇಜಿನ ಮೇಲಿಡಬೇಕಿತ್ತು. ಯಾವ ಊರಿಗೆ ಹೋದೆ, ಎಷ್ಟು ದನಕ್ಕೆ ಸೂಜಿ ಹಾಕಿದೆ, ಎಷ್ಟು ಹೋರಿಗೆ ಬೀಜ ಒಡೆದೆ, ಅಷ್ಟೇ. ನಿವೃತ್ತಿಯಾದ ದಿನ, ಇನ್ನು ಈ ಜನ್ಮದಲ್ಲಿ ದಿನಚರಿ ಬರೆಯುವುದಿಲ್ಲ ಎಂದುಕೊಂಡಿದ್ದವನು ಇವತ್ತು ಔಷಧಿ ಕಂಪನಿಯವರು ಎಂದೋ ಕೊಟ್ಟ ಡೈರಿ ಹುಡುಕಿಕೊಂಡು ಕೂತಿದ್ದೇನೆ. ಈ ಸಲ ಓದುವ ಸಾಹೇಬರಿಲ್ಲ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಹೇಳಬೇಕಲ್ಲ.

ಬೆನ್ನುನೋವು ಬಸ್ಸಿನ ಓಡಾಟದ್ದಲ್ಲವಂತೆ. ಪ್ರಾಸ್ಟೇಟ್ ಕ್ಯಾನ್ಸರ್. ಸೊಂಟದ ಮೂಳೆಗೂ ಬೆನ್ನುಮೂಳೆಗೂ ಹರಡಿದೆ. ಆಪರೇಷನ್ ಮಾಡುವ ಹಂತ ದಾಟಿದೆ. ಡಾಕ್ಟರ್ ಮೇಡಂಗೆ ನನ್ನ ಮಗಳು ಕೋಮಲಳ ವಯಸ್ಸು. ಅವಸರವಿಲ್ಲದೆ ಹೇಳಿದರು: "ಈ ಗಡ್ಡೆ ಬೆಳೆಯೋದೇ ಗಂಡಸರ ಹಾರ್ಮೋನ್ ತಿಂದ್ಕೊಂಡು. ಇಂಜೆಕ್ಷನ್ ಕೊಟ್ಟು ಅದರ ಊಟ ನಿಲ್ಲಿಸ್ತೀವಿ. ಜೊತೆಗೇ ಕೀಮೋ ಕೊಟ್ಟು ಹೊಡೀತೀವಿ. ಒಂದಾದ್ಮೇಲೆ ಒಂದು ಅಂತ ಕಾಯೋದಕ್ಕಿಂತ ಎರಡೂ ಒಟ್ಟಿಗೆ ಕೊಟ್ರೆ ನಿಮ್ಮಂಥವರಿಗೆ ಹೆಚ್ಚು ಕಾಲ ಸಿಗುತ್ತೆ. ಪೂರ್ತಿ ವಾಸಿಯಾಗುತ್ತೆ ಅಂತ ಸುಳ್ಳು ಹೇಳಲ್ಲ ಸರ್."

"ಹಾರ್ಮೋನ್ ನಿಲ್ಸೋದು ಅಂದ್ರೆ..." ಎಂದೆ. ಅವರು ಫೈಲಿನಲ್ಲಿ ನನ್ನ ಕೆಲಸ ಏನೆಂದು ನೋಡಿ ಸುಮ್ಮನಾದರು. ಬೇರೆಯವರಿಗಾದರೆ ಬಿಡಿಸಿ ಹೇಳಬೇಕು, ನನಗೇನು ಬೇಕು? ಗುಬ್ಬಿ ತಾಲ್ಲೂಕಿನ ಅರ್ಧ ಜನಕ್ಕೆ ನಾನು ಇಕ್ಕಳದ ರಂಗರಾಜು. ಎಳೆ ಹೋರಿಯನ್ನು ಕೆಡವಿ, ಹಿಂಗಾಲ ಬಳಿ ಕುಕ್ಕರಗಾಲಲ್ಲಿ ಕೂತು, ಇಕ್ಕಳದಲ್ಲಿ ಬೀಜದ ನರ ಒತ್ತಿದರೆ ಮುಗಿಯಿತು, ಆರು ತಿಂಗಳಲ್ಲಿ ಅದು ಎತ್ತು. ಯಜಮಾನನಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು: "ಮುಖದ ಕಡೆ ನಿಂತ್ಕೊ. ಹಣೆ ಸವರ್ತಾ ಮಾತಾಡಿಸ್ತಿರು." ಅವನು "ಆಯ್ತು ಬುಡು ಮಗ, ಆಯ್ತು" ಅನ್ನುತ್ತಿರುವಾಗಲೇ ಒತ್ತಿಬಿಡುತ್ತಿದ್ದೆ.

ಇವತ್ತು ನನ್ನ ಹೊಕ್ಕಳ ಪಕ್ಕದ ಚರ್ಮ ಹಿಡಿದೆತ್ತಿ, ದಪ್ಪ ಸೂಜಿಯಲ್ಲಿ ಅಕ್ಕಿಕಾಳಿನಂಥ ಮಾತ್ರೆಯೊಂದನ್ನು ಒಳಗೆ ಸೇರಿಸಿದರು. ಮಾಡಿದ್ದುಣ್ಣೋ ಮಹಾರಾಯ. ಮೂರು ತಿಂಗಳಿಗೆ ಇನ್ನೊಂದು.

ಹೊರಗೆ ಬಂದಾಗ ಹೆಂಡತಿ, "ಏನಂತ್ರೀ ಇಂಜೆಕ್ಷನ್ನು?" ಎಂದಳು. ಶಕ್ತಿಗೆ ಎಂದೆ. "ಹೌದಾ" ಎಂದು ಬ್ಯಾಗ್ ತೆಗೆದುಕೊಂಡಳು. ಅವಳ ಒಂದು ಗುಣ ಒಳ್ಳೆಯದು, ಕೆದಕುವುದಿಲ್ಲ.

ಜೂನ್ 24, ಮಂಗಳವಾರ

ಮೊದಲ ಕೀಮೋ. ಒರಗುಕುರ್ಚಿಯಲ್ಲಿ ಕೂರಿಸಿ ಕೈಗೆ ಡ್ರಿಪ್ ಹಾಕಿದರು. ನರ್ಸ್ ಚೆನ್ನಮ್ಮ ಹೆಸರಿಗೆ ತಕ್ಕ ಹಾಗೆ ಜೋರು. "ಕಾಲು ಅಲ್ಲಾಡಿಸ್ಬೇಡಿ ಸಾರ್" ಎಂದು ಮೂರು ಸಲ ಗದರಿದಳು. ನಾನು ಜೀವಮಾನವೆಲ್ಲ ದನಗಳಿಗೆ ಹೇಳಿದ ಮಾತು. ವಾಪಸ್ ಬರುವಾಗ ಆಟೋದವನು ಹೊಂಡಕ್ಕೆಲ್ಲ ಇಳಿಸಿ ಹತ್ತಿಸಿ ಕರೆತಂದ. ಅಂಥದ್ದೇನೂ ಆಗಲಿಲ್ಲ, ಇಷ್ಟೇನಾ ಅಂದುಕೊಂಡೆ.

ಜೂನ್ 27

ಇಷ್ಟೇ ಅಲ್ಲ.

ಜುಲೈ 4, ಶುಕ್ರವಾರ

ಒಂದು ವಾರ ಪೆನ್ನು ಹಿಡಿಯಲಾಗಲಿಲ್ಲ. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಬಚ್ಚಲಿಗೆ ಹೋಗಿ ಬಂದರೆ ಗುಬ್ಬಿಗೆ ನಡೆದು ಹೋಗಿ ಬಂದಷ್ಟು ಆಯಾಸ. ಬಾಯಲ್ಲಿ ಕಬ್ಬಿಣದ ರುಚಿ. ಕೋಮಲಾ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದಳು. ನನ್ನ ಪಾಲಿಗೆ ರಟ್ಟು ತಿಂದಂತಿತ್ತು. ಅವಳ ಮುಖ ನೋಡಿ ಒಂದನ್ನು ಪೂರ್ತಿ ತಿಂದೆ.

ಮುಖ ತೊಳೆಯುವಾಗ ಮೀಸೆಯ ಎಡಭಾಗ ಕೈಗೆ ಬಂತು. ಬಲಭಾಗ ಇನ್ನೂ ಇತ್ತು. ಒಂದೇ ಕಡೆ ಮೀಸೆ ಇಟ್ಟುಕೊಂಡು ಏನು ಮಾಡಲಿ, ಅದನ್ನೂ ಬೋಳಿಸಿದೆ. ಹೆಂಡತಿ ಕಾಫಿ ತಂದವಳು ನೋಡಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. "ಮದುವೆಗೆ ಮುಂಚೆ ಕಳಿಸಿದ ಫೋಟೋದಲ್ಲಿ ಹಿಂಗೇ ಇದ್ರಿ" ಎಂದಳು.

ಜುಲೈ 9, ಬುಧವಾರ

ಮಧ್ಯಾಹ್ನ ಮುದ್ದೆ ಮುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಎದೆಯಿಂದ ಕಾವು ಎದ್ದು ಕುತ್ತಿಗೆ, ಕಿವಿ, ನೆತ್ತಿಗೆ ಹತ್ತಿತು. ಮೈಯೆಲ್ಲ ಬೆವರು. ಸಾರಿನ ಖಾರ ಎಂದು ಅವಳ ಮೇಲೆ ಕೂಗಾಡಿದೆ. ಅವಳು ಕಿಟಕಿ ತೆರೆದು, ಒದ್ದೆ ಟವೆಲ್ ತಂದು ಹಿಂಗತ್ತಿನ ಮೇಲೆ ಹಾಕಿದಳು.

"ಬರುತ್ತೆ, ಹೋಗುತ್ತೆ. ಅದರ ಜೊತೆ ಜಗಳ ಆಡ್ಬೇಡಿ."

"ನಿನಗೇನು ಗೊತ್ತು?"

"ಮುಟ್ಟು ನಿಲ್ಲೋ ಕಾಲದಲ್ಲಿ ನನಗೆ ಐದು ವರ್ಷ ಬಂದಿತ್ತಲ್ಲ. ನೀವು ಚಳಿ ಅಂತ ಫ್ಯಾನ್ ಆಫ್ ಮಾಡ್ತಿದ್ರಿ."

ನನಗೆ ನೆನಪಿಲ್ಲ. ಅಡುಗೆಮನೆ ಕಿಟಕಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಅಲ್ಲೇ ಮಣೆ ಹಾಕಿಕೊಂಡು ಸಂಜೆವರೆಗೆ ಕೂತೆ. ಸುಮ್ಮನೆ ಕೂರಲಾರದೆ ಬೆಳ್ಳುಳ್ಳಿ ಸುಲಿದುಕೊಟ್ಟೆ.

ಜುಲೈ 15, ಮಂಗಳವಾರ

ಎರಡನೇ ಕೀಮೋ. ಪಕ್ಕದ ಕುರ್ಚಿಗೆ ಹೊಸಬ ಬಂದ. ಹೊನ್ನಯ್ಯ ಅಂತ, ಹುಲಿಯೂರುದುರ್ಗದ ಕಡೆಯವನು, ಬೇಸಾಯಗಾರ. ನನ್ನದೇ ಕಾಯಿಲೆ, ಅವನಿಗೂ ಮೂಳೆಗೆ ಇಳಿದಿದೆ. ನಾನು ದನದ ಆಸ್ಪತ್ರೆಯಲ್ಲಿದ್ದವನು ಎಂದು ಗೊತ್ತಾಗುತ್ತಲೇ ಅವನ ಮುಖ ಅರಳಿತು. ತನ್ನ ಎತ್ತುಗಳ ಸುಳಿ, ಹಲ್ಲು, ನಡಿಗೆ ಎಲ್ಲ ವರ್ಣಿಸಿದ. ಬಹಳ ದಿನದ ಮೇಲೆ ನನಗೆ ತಿಳಿದ ವಿಷಯ ಯಾರೋ ಮಾತಾಡಿದರು. ಡ್ರಿಪ್ ಮುಗಿದದ್ದೇ ಗೊತ್ತಾಗಲಿಲ್ಲ.

ಕೊನೆಗೆ ದನಿ ತಗ್ಗಿಸಿ ಕೇಳಿದ: "ಸಾರ್, ಇದ್ರ ಜೊತೆಗೆ ಹೊಟ್ಟೆಗೊಂದು ಇಂಜೆಕ್ಸನ್ ಹಾಕ್ತಾರಂತೆ. ಇವತ್ತು ಬಂದಿಲ್ಲ, ಮುಂದಿನ್ ವಾರ ಬಾ ಅಂದವ್ರೆ. ಮೇಡಮ್ಮು ಅದೇನೋ ಹಾರ್ಮೋನು ಅಂದ್ರು, ನಂಗ್ ತಿಳೀನಿಲ್ಲ. ಅದೇನ್ ಸಾರ್?"

"ಅದಾ? ಇಕ್ಕಳ ಇಲ್ದೆ ಹೋರಿ ಬೀಜ ಒಡೆಯೋದು ಕಣಯ್ಯ" ಎಂದು ನಕ್ಕೆ.

ಅವನು ನಗಲಿಲ್ಲ. "ನಿಮ್ಗೂ ಹಾಕವ್ರಾ?"

"ನನಗೆ ಅದಿಲ್ಲ, ಬರೀ ಇದೇ" ಎಂದು ಡ್ರಿಪ್ಪಿನ ಕಡೆ ಕೈ ತೋರಿಸಿದೆ. ಮತ್ತೇನು ಹೇಳಲಿ? ಇವತ್ತು ಪರಿಚಯವಾದವನ ಮುಂದೆ ಲುಂಗಿ ಬಿಚ್ಚಲಾಗುತ್ತದೆಯೇ?

ಒಳ್ಳೆಯ ಮನುಷ್ಯ. ಮುಂದಿನ ಸಲವೂ ಪಕ್ಕದ ಕುರ್ಚಿಯೇ ಸಿಕ್ಕಿದರೆ ಹೊತ್ತು ಹೋಗುತ್ತದೆ.

ಜುಲೈ 19

ಸುಸ್ತು. ಉಗುರು ಕಪ್ಪಾಗುತ್ತಿದೆ.

ಜುಲೈ 27, ಭಾನುವಾರ

ಗುಬ್ಬಿಯಿಂದ ಭಾಮೈದ ಉದಯಕುಮಾರ್ ಬಂದಿದ್ದ. ಬಂದವನೇ, "ಏನ್ ಭಾವ, ಮೀಸೆ ಎಲ್ಲಿ?" ಎಂದ. ಏನು ಟ್ರೀಟ್‌ಮೆಂಟು, ಏನು ಇಂಜೆಕ್ಷನ್ನು ಎಂದು ಸಿಐಡಿ ಥರ ಕೇಳಿದ. ಬೆನ್ನುಮೂಳೆಗೆ ಶಕ್ತಿ ಎಂದೆ. ಹೆಂಡತಿ ಶಶಿ ಕಾಫಿ ಲೋಟ ಇಡುತ್ತಾ, "ಹೂಂ ಕಣೋ, ಶಕ್ತಿಗೆ" ಎಂದಳು. ಪಾಪ, ನಾನು ಹೇಳಿದ್ದನ್ನೇ ನಂಬಿಕೊಂಡಿದ್ದಾಳೆ.

ಅವನು ಹೋದ ಮೇಲೆ ಟಿವಿಯಲ್ಲಿ ಯಾರದೋ ಮಗಳನ್ನು ಗಂಡನ ಮನೆಗೆ ಕಳಿಸುತ್ತಿದ್ದರು. ನನ್ನ ಕಣ್ಣಲ್ಲಿ ಧಾರಾಕಾರ ನೀರು. ಕೀಮೋದಿಂದ ಕಣ್ಣಲ್ಲಿ ನೀರು ಸೋರುತ್ತದೆ ಎಂದು ಚೆನ್ನಮ್ಮ ಹೇಳಿದ್ದಳು, ಅದೇ ಇರಬೇಕು. ಆಮೇಲೆ ಕೋಮಲಳ ಮದುವೆಯ ದಿನದ್ದೆಲ್ಲ ಮಾತು ಬಂತು. ಶಶಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು, ನಾನು ಮುರಿದು ಹಾಕುತ್ತಿದ್ದೆ. ಛತ್ರದಲ್ಲಿ ಒಲೆಯ ಮುಂದೆ ಅವಳು ಒಬ್ಬಳೇ ಅತ್ತಿದ್ದಳಂತೆ. ನನಗೆ ಇವತ್ತೇ ಗೊತ್ತಾಗಿದ್ದು.

ಆಗಸ್ಟ್ 5, ಮಂಗಳವಾರ

ಮೂರನೇ ಕೀಮೋ. ಪಕ್ಕದ ಕುರ್ಚಿ ಖಾಲಿ. ಹೊನ್ನಯ್ಯ ಎಲ್ಲಿ ಎಂದು ಚೆನ್ನಮ್ಮನನ್ನು ಕೇಳಿದೆ.

"ಆ ಹುಲಿಯೂರುದುರ್ಗದವ್ರಾ? ಹಾರ್ಮೋನ್ ಇಂಜೆಕ್ಷನ್‌ಗೂ ಬರಲಿಲ್ಲ, ಇವತ್ತೂ ಇಲ್ಲ. ಫೋನ್ ಮಾಡಿದ್ರೆ ಬರಲ್ಲ ಅಂದ್ರು. ಒಂದು ಕೀಮೋಗೇ ಸಾಕಾಯ್ತೇನೋ. ಹಿಂಗ್ ಬಿಟ್ರೆ ಮೂಳೆ ಮುರ್ಕೊಂಡು ಸ್ಟ್ರೆಚರ್ ಮೇಲೆ ಬರ್ತಾರೆ ನೋಡಿ."

ಕೆಲವರು ಹಾಗೇ, ಎಷ್ಟು ಹೇಳಿದರೂ ಹಠ. ಗಟ್ಟಿ ಆಳು ಅಂದುಕೊಂಡಿದ್ದೆ. ಡ್ರಿಪ್ ಮುಗಿಯುವಷ್ಟರಲ್ಲಿ ಸಾಕುಸಾಕಾಯಿತು.

ಆಗಸ್ಟ್ 6, ಬುಧವಾರ

ಬೆಳಗ್ಗೆ ಶಶಿಯ ಹತ್ತಿರ ಹೊನ್ನಯ್ಯನನ್ನು ಬೈಯುತ್ತಿದ್ದೆ. ಅವಳು ಕೇಳಿಕೊಂಡೇ ದೋಸೆ ಹುಯ್ಯುತ್ತಿದ್ದಳು. ಆಮೇಲೆ, "ಆವತ್ತು ಅವರು ನಿಮ್ಮನ್ನ ಏನೋ ಕೇಳ್ತಿದ್ರು. ನೀವು ಏನೋ ಹೇಳಿ ನಕ್ರಿ. ನಾನು ಬಾಗಿಲಲ್ಲಿದ್ದೆ, ಅವರ ಮುಖ ಇಷ್ಟು ಚಿಕ್ಕದಾಗಿತ್ತು. ಏನಂದ್ರಿ?" ಎಂದಳು.

ಏನೂ ಇಲ್ಲ, ತಮಾಷೆ ಎಂದೆ. ದೋಸೆ ಬಿಟ್ಟು ಎದ್ದುಬಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ನನ್ನನ್ನು ಡಾಕ್ಟರೆಂದೇ ನಂಬಿ ಕೇಳಿದ. ನಾನು ಹೋರಿಯ ಕಥೆ ಹೇಳಿದೆ. ಸಾಲದು ಅಂತ ನನಗೆ ಅದಿಲ್ಲ ಎಂದೆ. ತಿಳಿದವನೇ ಹಾಕಿಸಿಕೊಂಡಿಲ್ಲ ಅಂದ ಮೇಲೆ ಅವನು ಯಾಕೆ ಬರುತ್ತಾನೆ? ಅವನನ್ನು ಮನೆಯಲ್ಲಿ ಕೂರಿಸಿದ್ದು ನಾನೇ. ಅವನು ಸತ್ತರೆ ಅದು ನನ್ನ ಬಾಯಿಂದ.

ಆಗಸ್ಟ್ 8

ಏಳಲಾಗುತ್ತಿಲ್ಲ. ಹೊನ್ನಯ್ಯನ ಫೋನ್ ನಂಬರನ್ನು ಚೆನ್ನಮ್ಮನಿಂದ ತರಿಸಿದೆ. ಸ್ವಿಚ್ ಆಫ್.

ಆಗಸ್ಟ್ 11

ಸ್ವಿಚ್ ಆಫ್.

ಆಗಸ್ಟ್ 14, ಗುರುವಾರ

ಕಾಲ್ಬೆರಳು ಜೋಮು. ಎರಡು ಸಲ ಕಾವು ಬಂತು. "ಹುಲಿಯೂರುದುರ್ಗಕ್ಕೆ ಹೋಗಿಬರಬೇಕು" ಎಂದೆ. ಶಶಿ, "ಅಷ್ಟು ದೂರ ಕೂತ್ಕೊಳ್ಳೋಕೆ ಆಗುತ್ತೇನ್ರೀ?" ಅಂದಳೇ ಹೊರತು ಯಾಕೆ ಅನ್ನಲಿಲ್ಲ. "ಸ್ವಲ್ಪ ಚೇತರಿಸ್ಕೊಳ್ಳಿ, ಮುಂದಿನ ವಾರ ನಾನೂ ಬರ್ತೀನಿ."

ಆಗಸ್ಟ್ 20, ಬುಧವಾರ

ಹೋಗಿಬಂದೆವು. ಮೈ ನುಜ್ಜುಗುಜ್ಜಾಗಿದೆ. ಆದರೂ ಬರೆದೇ ಮಲಗಬೇಕು.

ಕುಣಿಗಲ್‌ವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಶಶಿ ಬೆನ್ನಿಗೆ ದಿಂಬು ತಂದಿದ್ದಳು. ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿಕೊಂಡೆ. ಹೊನ್ನಯ್ಯ, ಸಂಕ್ರಾಂತಿಗೆ ನೀನು ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವುದು ಯಾವುದನ್ನು? ಎತ್ತನ್ನು. ನೊಗ ಹೊತ್ತು ನಿನ್ನ ಮನೆ ಸಾಕಿದ್ದು ಯಾವುದು? ಎತ್ತು. ಅದನ್ನು ನೀನು ಯಾವತ್ತಾದರೂ ಕೀಳಾಗಿ ಕಂಡಿದ್ದೀಯಾ? ಬಹಳ ಚೆನ್ನಾಗಿದೆ ಅನ್ನಿಸಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಮನೆ ತೋರಿಸಿದರು. ಬೆಟ್ಟದ ಈಚೆ ಪಕ್ಕ, ಕೊಟ್ಟಿಗೆ ಮುಂದಿನ ಹೊಂಗೆ ನೆರಳಲ್ಲಿ ಹೊನ್ನಯ್ಯ ಸೊಂಟಕ್ಕೆ ಗೋಣಿಚೀಲ ಒತ್ತುಕೊಟ್ಟುಕೊಂಡು ಕೂತಿದ್ದ. ಒಂದು ತಿಂಗಳಲ್ಲಿ ಅರ್ಧ ಇಳಿದಿದ್ದಾನೆ. ನನ್ನನ್ನು ಕಂಡು ಏಳಲು ಹೋಗಿ ಕೈಲಾಗದೆ ಕೂತ. ಅವನ ಹೆಂಡತಿ ನಿಂಗಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು.

"ಇಂಗೇ ಕುಂತವ್ರೆ ಕಣ್ ಸ್ವಾಮಿ. ಸೊಂಟ ನೋವು ಅಂತ ನರಳ್ತಾರೆ, ಆಸ್ಪತ್ರೆಗೆ ಮಾತ್ರ ಬರಲ್ಲ ಅಂತಾರೆ. ಯಾಕೆ ಅಂದ್ರೆ ಬಾಯೇ ಬುಡಲ್ಲ. ನೀವಾದ್ರೂ ಕೇಳಿ."

ಹೊನ್ನಯ್ಯ ನನ್ನ ಕಡೆ ನೋಡಿದ. "ಎಂಗಸ್ರ ಮುಂದೆ ಆ ಮಾತು ಬ್ಯಾಡಿ ಸಾರ್" ಎಂದು ಮೆಲ್ಲಗೆ ಅಂದ.

ನಾನು ಭಾಷಣ ಶುರು ಮಾಡಿದೆ. ಸಂಕ್ರಾಂತಿವರೆಗೂ ಬಂದಿರಲಿಲ್ಲ, ಕೈ ಅಡ್ಡ ಮಾಡಿದ.

"ಎತ್ತಿನ ಮಾತು ಬುಡಿ ಸಾರ್. ಎತ್ತನ್ನ ಯಾರೂ ಕೇಳಿ ಮಾಡಲ್ಲ. ನೀವು ತಿಳ್ದೋರು, ನೀವೇ ಆಕಿಸ್ಕಂಡಿಲ್ವಲ್ಲ. ನಂಗ್ಯಾಕೆ ಯೋಳ್ತೀರಿ? ಸಾಯೋದೇ ಆದ್ರೆ ಗಂಡ್ಸಾಗೇ ಸಾಯ್ತೀನಿ."

ಅದೇ ಹೊತ್ತಿಗೆ ಹಾಳಾದ ಕಾವು ಬಂತು. ಎದೆ, ಕುತ್ತಿಗೆ, ಬೋಳುನೆತ್ತಿ ಎಲ್ಲ ಬೆವರು. ಅಂಗಿ ಗುಂಡಿ ಬಿಚ್ಚಿದೆ. ಶಶಿ ಗೋಡೆಗೆ ಒರಗಿಸಿದ್ದ ಮೊರ ತೆಗೆದುಕೊಂಡು ಬಂದು ಗಾಳಿ ಹಾಕತೊಡಗಿದಳು. ನನಗೆ ಅಲ್ಲಿ ನಾಚಿಕೆ ಪಡುವಷ್ಟೂ ಶಕ್ತಿ ಉಳಿದಿರಲಿಲ್ಲ. ಅದೂ ಒಂದು ಶ್ರಮದ ಕೆಲಸ.

"ನಾನು ಸುಳ್ಳು ಹೇಳ್ದೆ ಹೊನ್ನಯ್ಯ" ಎಂದೆ. "ಹಾಕಿಸ್ಕೊಂಡಿದೀನಿ. ನಿನ್ನ ನೋಡೋದಕ್ಕೂ ಮುಂಚೆಯೇ ಹಾಕಿಸ್ಕೊಂಡಿದ್ದೆ. ಈ ಬೆವರು ಅದರದ್ದೇ. ನಿನ್ನ ಮುಂದೆ ಹೇಳೋಕೆ ನಾಚಿಕೆಯಾಯ್ತು. ಇವಳಿಗೂ ಹೇಳಿಲ್ಲ."

ಮೊರದ ಗಾಳಿ ನಿಲ್ಲಲಿಲ್ಲ. ಹೊನ್ನಯ್ಯ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ, ಸಂತೆಯಲ್ಲಿ ದನ ನೋಡುವಂತೆ. ಆಮೇಲೆ ನನ್ನನ್ನು ಬಿಟ್ಟು ಶಶಿಯನ್ನು ಕೇಳಿದ: "ತಾಯಿ, ನೀವ್ ಯೋಳಿ. ಸಾರು ಈಗ ಎಂಗವ್ರೆ?"

ಶಶಿ ಯೋಚಿಸಿದಳು. "ಸುಸ್ತು ಜಾಸ್ತಿ. ಮೀಸೆ ಹೋಯ್ತು. ಕೋಪ ಹಂಗೇ ಇದೆ." ಮೊರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಅಡುಗೆಮನೆಗೆ ಬಂದು ಕೂತ್ಕೋತಾರೆ ಕಣಣ್ಣ. ಮಾತಾಡ್ತಾರೆ. ನಾನು ಹೇಳಿದ್ದು ಕೇಳಿಸ್ಕೋತಾರೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಜೊತೆಗಿದಾರೆ ಅನ್ಸುತ್ತೆ. ನನಗೆ ಇವರು ಇರಬೇಕು, ಹೆಂಗಿದ್ರೂ ಸರಿ."

ನಿಂಗಮ್ಮನಿಗೆ ಆಗ ಅರ್ಥವಾಯಿತು. ಕೈಲಿದ್ದ ಮಜ್ಜಿಗೆ ಚೆಂಬನ್ನು ನೆಲಕ್ಕೆ ಕುಕ್ಕಿದರು. "ಇಷ್ಟಕ್ಕಾ? ಇಷ್ಟಕ್ಕಾ ನೀನು ಸಾಯಕ್ಕೆ ಕುಂತಿರೋದು? ನಿನ್ ಮಕ ಮುಚ್ಚ! ನಾನೇನು ನಿನ್ನ ಮೀಸೆ ನೋಡ್ಕಂಡು ಬಾಳ್ವೆ ಮಾಡಿದ್ನಾ?" ಎಂದು ಬೈಯುತ್ತಾ ಅಳತೊಡಗಿದರು. ಹೊನ್ನಯ್ಯ ತಲೆ ಎತ್ತಲಿಲ್ಲ. ಹೊರಡುವಾಗ, "ನೋಡಾನ ಬುಡಿ ಸಾರ್" ಎಂದ. ಅಷ್ಟೇ.

ಬಸ್ಸಿನಲ್ಲಿ ಶಶಿಯನ್ನು ಕೇಳಿದೆ, ನಿನಗೆ ಆಶ್ಚರ್ಯವೇ ಆಗಲಿಲ್ಲವಲ್ಲ ಎಂದು.

"ಮೊದಲನೇ ದಿನವೇ, ನಿಮಗೆ ಆ ಕಡೆ ಸೂಜಿ ಹಾಕ್ತಿದ್ದಾಗ, ಮೇಡಂ ನನ್ನನ್ನೂ ಒಳಗೆ ಕೂರಿಸ್ಕೊಂಡು ಹೇಳಿದ್ರು. ನೀವು ಹೇಳ್ತೀರೇನೋ ಅಂತ ಕಾಯ್ತಿದ್ದೆ."

"ಮತ್ತೆ ಉದಯನ ಮುಂದೆ ಶಕ್ತಿಗೆ ಅಂದೆ?"

"ನೀವು ಅಂದ್ರಲ್ಲ, ಅದಕ್ಕೆ ಅಂದೆ."

ಅವಳ ಹೆಗಲಿಗೆ ಒರಗಿ ಕುಣಿಗಲ್‌ವರೆಗೂ ನಿದ್ದೆ ಮಾಡಿದೆನಂತೆ. ಬಸ್ಸಲ್ಲಿ ಎಲ್ಲರೂ ನೋಡುತ್ತಿದ್ದರಂತೆ. ನೋಡಲಿ. ಆದರೆ ಈಗ ಜೊತೆಗಿದ್ದಾರೆ ಅಂದಳಲ್ಲ, ಅದು ಮಾತ್ರ ನನಗೆ ತಿಳಿಯಲಿಲ್ಲ. ನಾನು ಯಾವಾಗ ಇರಲಿಲ್ಲ?

ಆಗಸ್ಟ್ 26, ಮಂಗಳವಾರ

ನಾಲ್ಕನೇ ಕೀಮೋ. ಇವತ್ತೇ ಗೌರಿ ಹಬ್ಬ. ಶಶಿ ನಸುಕಿಗೇ ಪೂಜೆ ಮುಗಿಸಿ, ಕೈಗೆ ಕಟ್ಟಿದ ಗೌರಿದಾರದಲ್ಲೇ ಆಸ್ಪತ್ರೆಗೆ ಬಂದಳು. ಹಬ್ಬವಾದ್ದರಿಂದ ಅರ್ಧ ಕುರ್ಚಿ ಖಾಲಿ. ಪಕ್ಕದ್ದೂ ಖಾಲಿ. ಬಾಗಿಲು ಸದ್ದಾದಾಗಲೆಲ್ಲ ತಿರುಗಿ ತಿರುಗಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ನನ್ನ ರಕ್ತದ ರಿಪೋರ್ಟಿನಲ್ಲಿ ಕ್ಯಾನ್ಸರಿನ ಅಂಕಿ ಬಹಳ ಇಳಿದಿದೆ, ಎರಡೂ ಔಷಧಿ ಸೇರಿ ಕೆಲಸ ಮಾಡುತ್ತಿವೆ ಎಂದು ಮೇಡಂ ಖುಷಿಪಟ್ಟರು. ನನಗೆ ಖುಷಿಯಾಗಬೇಕಿತ್ತು.

ಆಗಸ್ಟ್ 29

ಸುಸ್ತು. ಅವನು ಬರುವುದಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ನನ್ನ ಎರಡನೇ ಇಂಜೆಕ್ಷನ್ನಿನ ದಿನ. ಶಶಿ ಹೊರಗೆ ಕೂರುತ್ತೇನೆ ಎಂದಳು, ಒಳಗೇ ಬಾ ಎಂದೆ.

ಒಳಗೆ ಹೋದರೆ ಬೆಂಚಿನ ಮೇಲೆ ಹೊನ್ನಯ್ಯ. ಪಕ್ಕದಲ್ಲಿ ನಿಂಗಮ್ಮ, ಎಲ್ಲಿ ಎದ್ದು ಓಡುತ್ತಾನೋ ಎಂಬಂತೆ ಅವನ ಟವೆಲ್ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಕಣ್ಣಲ್ಲಿ ನೀರು ಬಂತು. ಇದು ಕೀಮೋದ್ದಲ್ಲ, ಸುಮ್ಮನೆ ಯಾಕೆ ಸುಳ್ಳು ಬರೆಯಲಿ. ತಡವಾದರೂ ಪರವಾಗಿಲ್ಲ, ಇವತ್ತು ಇಂಜೆಕ್ಷನ್, ಮುಂದಿನ ವಾರದಿಂದ ಮತ್ತೆ ಕೀಮೋ ಅಂದರಂತೆ ಮೇಡಂ.

ಚೆನ್ನಮ್ಮ ಟ್ರೇ ತಂದು, "ಯಾರು ಮೊದಲು?" ಎಂದಳು.

"ಮೊದ್ಲು ಸಾರ್‌ಗೆ ಆಕಿ. ನಾನ್ ನೋಡ್ತೀನಿ" ಎಂದ ಹೊನ್ನಯ್ಯ. ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮಂಚದ ಮೇಲೆ ಮಲಗಿ ಅಂಗಿ ಎತ್ತಿದೆ. ಸೂಜಿ ನನ್ನ ನೆನಪಿಗಿಂತ ದಪ್ಪವಿತ್ತು. ಚೆನ್ನಮ್ಮ ಚರ್ಮ ಹಿಡಿದೆತ್ತಿದಾಗ ಮೈ ಬಿಗಿಯಿತು. ಆಗ ಒಂದು ಒರಟು ಅಂಗೈ ನನ್ನ ಬೋಳುಹಣೆಯ ಮೇಲೆ ಬಂದು ಕೂತು ಮೆಲ್ಲಗೆ ಸವರತೊಡಗಿತು. ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ದನ ಸಾಕಿದವರಿಗೆ ಹೇಳಿಕೊಡಬೇಕಾಗಿಲ್ಲ.

"ಆಯ್ತು ಬುಡಿ ಸಾರ್, ಆಯ್ತು."

ಆಗಿಹೋಗಿತ್ತು.

ಆಮೇಲೆ ಅವನು ಮಲಗಿದ. ಚೆನ್ನಮ್ಮ ನನಗೆ ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ಮಂಚದ ತಲೆಯ ಕಡೆಗೆ ಹೋಗಿ ನಿಂತೆ. ಇಷ್ಟು ವರ್ಷ ಹಿಂಗಾಲ ಬಳಿ ಕೂತು ಕೆಲಸ ಮುಗಿಸಿ ಎದ್ದುಹೋದವನು ನಾನು, ಮುಖದ ಕಡೆ ನಿಂತದ್ದು ಇದೇ ಮೊದಲು. ಹೊನ್ನಯ್ಯ ಕಣ್ಣು ಅಗಲ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದ. ಅವನ ಹಣೆ ತಣ್ಣಗಿತ್ತು, ಬೆವೆತಿತ್ತು. ಅದರ ಮೇಲೆ ಕೈಯಿಟ್ಟೆ.

"ಆಯ್ತು ಬುಡು ಹೊನ್ನಯ್ಯ" ಎಂದೆ, "ಆಯ್ತು."